ನಮ್ಮ ಮನಿಯವರ ಲಾವೋ ಪ್ರಶ್ನೆಗಳು

ಗಂಡನ ಹೆಸರು ಹಿಡಿದು ಕರಿಯೋ ರೂಢಿ ನಮ್ಮ ಕಡಿ ಇಲ್ಲ. ಲಂಡನ್ನಿಗೆ ಬಂದು ಮೂವತ್ತೊಂದು ವರ್ಷ ಆತು, ಇನ್ನೂ "ರೀ" ಅನ್ನೋದರಾಗೇ ಸಂಸಾರ ನಡಸೀನಿ. ಆದ್ರ ಇದು ಬರಿಯೋದು, ಕರಿಯೋದಲ್ಲ. ಹಂಗಾಗಿ ಒಂದೇ ಸಲ ಹೇಳ್ತೀನಿ, ಕೇಳಿಸ್ಕೊಂಡು ಬಿಡ್ರಿ. ಇವರ ಹೆಸರು ವೀರಣ್ಣ. ಊರು ಬೈಲಹೊಂಗಲ. ವಯಸ್ಸು ಅರವತ್ತೆರಡು. ಈಗ ನಾವಿರೋದು ಕ್ರೋಯ್ಡನ್ನಿನಾಗ, ಮೂರನೇ ಮಜಲಿ ಫ್ಲ್ಯಾಟಿನಾಗ. ಲಿಫ್ಟ್ ಅದ, ವಾರದಾಗ ಎರಡು ದಿನ ನಡೀತದ. ನಾನು ನೀಲವ್ವ, ಇಲ್ಲೇ ಒಂದು ಪ್ರೈಮರಿ ಸಾಲ್ಯಾಗ ಹುಡುಗರಿಗೆ ಮಧ್ಯಾಹ್ನದ ಊಟ ಬಡಸ್ತೀನಿ.

ಇವರ ಬಗ್ಗೆ ಮೊದಲು ತಿಳ್ಕೋಬೇಕಾದ ಸಂಗತಿ ಅಂದ್ರ, ಇವರು ಯಾರಿಗೂ ಏನೂ ಕೇಳಂಗಿಲ್ಲ. ದಾರಿ ಕೇಳಂಗಿಲ್ಲ, ಟೈಮ್ ಕೇಳಂಗಿಲ್ಲ. ಅಂಗಡ್ಯಾಗ ಸಕ್ರಿ ಎಲ್ಲಿಟ್ಟೀರಿ ಅಂತ ಕೇಳೋ ಬದಲಿ ಎಲ್ಲಾ ಸಾಲು ಸುತ್ತಿ, ಸಿಗಲಿಲ್ಲಂದ್ರ ಉಪ್ಪು ತೊಗೊಂಡು ಮನಿಗೆ ಬರ್ತಾರ. ಒಮ್ಮೆ ಹ್ಯಾರೋದಾಗ ನಮ್ಮ ಪರಿಚಯದವರ ಗೃಹಪ್ರವೇಶ ಇತ್ತು. ರೈಲು ಹ್ಯಾರೋ ದಾಟಿ ಹೊಂಟೇ ಬಿಡ್ತು. ಮುಂದ ಕುಂತವರಿಗೆ ಒಂದು ಮಾತು ಕೇಳ್ರಿ ಅಂದೆ. ಕೇಳಲಿಲ್ಲ. ನಾನೇ ಕೇಳಾಕ ಹೋದ್ರ ಮೊಣಕೈಲೆ ತಿವಿದ್ರು. ವಾಟ್‌ಫರ್ಡಿನಾಗ ಇಳಿದು, ತಿರುಗಿ ಬಂದು, ಮನಿ ಹುಡುಕೋದರಾಗ ಪಂಕ್ತಿ ಎದ್ದಿತ್ತು. ನಾವಿಬ್ಬರೂ ಅಡಗಿಮನ್ಯಾಗ ನಿಂತು ತಣ್ಣನ ಹೋಳಿಗಿ ತಿಂದ್ವಿ. "ಊಟ ಚಲೋ ಇತ್ತು" ಅಂದ್ರು ಇವರು.

ನನ್ನ ನೋಡಾಕ ಬಂದಾಗೂ ಇದೇ ಕಥಿ. ಅವರ ಕಡಿಯವರು ಎಲ್ಲಾರೂ ನನಗ ಒಂದೊಂದು ಪ್ರಶ್ನಿ ಕೇಳಿದ್ರು. ಹಾಡು ಬರ್ತದೇನು, ರೊಟ್ಟಿ ಬಡೀತಿಯೇನು, ಎಷ್ಟನೇತ್ತಾ ಓದೀದಿ. "ನೀನೂ ಏನರ ಕೇಳೋ ವೀರಾ" ಅಂದ್ರು ಹಿರ್ಯಾರು. ಇವರು ಅವಲಕ್ಕಿ ತಿಂದ್ರು.

ಇಲ್ಲಿ ಬಂದ ಮ್ಯಾಲ ಇಪ್ಪತ್ತಾರು ವರ್ಷ ಒಂದು ವರ್ಕ್‌ಶಾಪಿನಾಗ ಕನ್ನಡಕದ ಗಾಜು ತಿಕ್ಕಿದ್ರು. ಮಿಷಿನ್ನಿಗೆ ಮಾತು ಬೇಕಾಗಿದ್ದಿಲ್ಲ, ಇವರಿಗೂ ಬೇಕಾಗಿದ್ದಿಲ್ಲ. ಇಬ್ಬರೂ ಹೊಂದ್ಕೊಂಡು ಇದ್ರು. ರಿಟೈರ್ ಆದ ಮರುದಿನದಿಂದ ಇವರು ಹಿಡಿದಿದ್ದು ಅಲಾಟ್‌ಮೆಂಟ್. ಗೊತ್ತಿಲ್ಲದವರಿಗೆ ಹೇಳ್ತೀನಿ. ಇಲ್ಲಿ ಊರ ಅಂಚಿನಾಗ ಒಂದಿಷ್ಟು ನೆಲಾ ಬಿಟ್ಟಿರ್ತಾರ, ಅದನ್ನ ಸಣ್ಣ ಸಣ್ಣ ಪ್ಲಾಟ್ ಮಾಡಿ ಮಂದಿಗೆ ಕಾಯಿಪಲ್ಯ ಬೆಳಿಯಾಕ ಕೊಡ್ತಾರ. ಹೆಸರು ಹಚ್ಚಿ ಆರೇಳು ವರ್ಷ ಕಾಯಬೇಕು. ನಮಗ ಸಿಕ್ಕಿದ್ದು ಹದಿಮೂರನೇದ್ದು. ಆ ನಂಬರು ಚಲೋ ಅಲ್ಲಂತ ಮೂರು ಮಂದಿ ಒಲ್ಲೆ ಅಂದಿದ್ರಂತ. ಹಂಗಾಗಿ ನಮಗ ನಾಕು ವರ್ಷಕ್ಕೇ ಸಿಕ್ತು.

ಅಲ್ಲಿ ಇವರು ಮೆಂತ್ಯ, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ ಹಾಕಿದ್ರು. ಪಕ್ಕದ ಹದಿನಾಲ್ಕನೇ ಪ್ಲಾಟು ಬುವಾ ಅನ್ನೋ ಮುದುಕಿದು. ಲಾವೋಸ್ ಅನ್ನೋ ದೇಶದಾಕಿ, ಥೈಲ್ಯಾಂಡ್ ಮಗ್ಗಲ ಅದ ಅಂತ. ಎಪ್ಪತ್ನಾಕು ವಯಸ್ಸು, ನನ್ನ ಭುಜಕ್ಕ ಬರ್ತಾಳ, ತಲಿ ಮ್ಯಾಲ ಹುಲ್ಲಿನ ಟೊಪ್ಪಿಗಿ, ಬಾಯಾಗ ಒಂದು ಬಂಗಾರದ ಹಲ್ಲು. ಗಂಡ ತೀರ್ಕೊಂಡಾನ. ಇಂಗ್ಲಿಷ್ ಬರಂಗಿಲ್ಲ, "ಥ್ಯಾಂಕ್ಯೂ" ಬಿಟ್ರ. ಮೊದಲನೇ ದಿನಾನೇ ಆಕಿ ಬೇಲಿ ಮ್ಯಾಲಿಂದ ಒಂದು ಸಿವುಡು ಸಬ್ಬಸಗಿ ಕೊಟ್ಟಳು. ಆ ಮಂದೀನೂ ಸಬ್ಬಸಗಿ ತಿಂತಾರಂತ ನಮಗ ಗೊತ್ತಾಗಿದ್ದೇ ಅವತ್ತು. ಇವರು ಮೆಂತ್ಯ ಕೊಟ್ರು. ಎರಡು ವರ್ಷ ಇದೇ ನಡೀತು. ಒಂದು ಮಾತಿಲ್ಲ. ಇವರಿಗೆ ಅಷ್ಟು ಹಿತ ಆಗೋ ಸ್ನೇಹ ಜನ್ಮದಾಗ ಸಿಕ್ಕಿದ್ದಿಲ್ಲ.

ಹೋದ ವರ್ಷ ಬ್ಯಾಸಗ್ಯಾಗ ಆಕಿ ಮೊಣಕಾಲು ಕೈಕೊಟ್ಟುವು. ಪ್ಲಾಟಿನ ಕೆಳಗಿನ ಅರ್ಧದಾಗ ಕಸ ಎದಿಮಟ ಬೆಳೀತು. ಅಲಾಟ್‌ಮೆಂಟ್ ಸಂಘದ ಕಾರ್ಯದರ್ಶಿ ಆತ್ರೇಯ ಅಂತ, ಬೆಂಗಳೂರಿನ ಹುಡುಗ, ಐಟಿ. ಹುಡುಗ ಅಂದ್ರ ನಲವತ್ತರ ಮ್ಯಾಲ ಅವ, ನನಗ ಆಂಟಿ ಅಂತಾನ, ಅದಕ್ಕ ಹುಡುಗ ಅಂದೆ. ಅವನೇ ಬಂದು ಆಕಿ ಪ್ಲಾಟಿನಾಗ ಒಂದು ಕಟಗಿ ನೆಟ್ಟು, ಹಳದಿ ಕಾಗದ ಹಚ್ಚಿದ.

"ಏನಪಾ ಇದು?" ಅಂತ ಕೇಳಿದೆ. ನಾ ಎಲ್ಲಾರಿಗೂ ಎಲ್ಲಾ ಕೇಳ್ತೀನಿ.

"ಆಂಟಿ, ಮುಕ್ಕಾಲು ಭಾಗ ಬೆಳೆ ಇರಬೇಕು ಅಂತ ರೂಲ್. ಅವರದ್ದು ಅರ್ಧಾನೂ ಇಲ್ಲ. ಎರಡು ಲೆಟರ್ ಹಾಕಿದೀವಿ, ರಿಪ್ಲೈ ಇಲ್ಲ. ಫಾರ್ಮಲ್ಲಿರೋ ಫೋನ್ ನಂಬರ್ ತೀರಿಹೋದ ಗಂಡಂದು. ನಾನೇನ್ ಮಾಡ್ಲಿ ಹೇಳಿ."

ಆ ಲೆಟರ್ ಎಲ್ಲಿ ಹೋಗ್ಯಾವಂತ ನನಗ ಗೊತ್ತಿತ್ತು. ಬುವಾ ಅವನ್ನ ಮಡಚಿ ಪೊಟ್ಟಣ ಮಾಡಿ ಸಬ್ಬಸಗಿ ಬೀಜ ಕಟ್ಟಿಟ್ಟಿದ್ಳು. ಒಂದು ಪೊಟ್ಟಣ ನಮ್ಮ ಮನ್ಯಾಗೂ ಇತ್ತು.

"ಜೂನ್ ತಿಂಗಳ ಕೊನೇ ಭಾನುವಾರ ಲಾಸ್ಟ್. ಅವತ್ತು ಕಮಿಟಿ ಮುಂದೆ ಅವರೇ ಬಾಯಿಬಿಟ್ಟು 'ನನಗೆ ಪ್ಲಾಟ್ ಬೇಕು' ಅಂದ್ರೆ ಇನ್ನೊಂದು ವರ್ಷ ಕೊಡಬಹುದು. ಇಲ್ಲಾಂದ್ರೆ ಮುಂದಿನವರಿಗೆ. ನಾನು ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಕೇಳಿಸಿದೆ ಆಂಟಿ. ಅವರು ಫೋನನ್ನೇ ನೋಡಿದ್ರು, ನನ್ನ ಕೈಗೆ ಒಂದು ಕಟ್ಟು ಸೊಪ್ಪು ಕೊಟ್ಟು ಕಳಿಸಿದ್ರು."

ಆಗ ಹಿಂದಿನಿಂದ ಒಂದು ದನಿ ಬಂತು. "ನಾ ಕೇಳ್ತೀನಿ."

ತಿರುಗಿ ನೋಡಿದ್ರ ಇವರು. ಕುರಪಿ ಹಿಡ್ಕೊಂಡು ನಿಂತಿದ್ರು. ನನ್ನ ಕೈಯಾಗಿನ ಡಬ್ಬಿ ಜಾರಿ ಬಿತ್ತು, ಅದರಾಗಿನ ಬದನಿಕಾಯಿ ಪಲ್ಯ ಎಲ್ಲಾ ನೆಲದ ಪಾಲು.

ಮನಿಗೆ ಹೋಗೋವಾಗ ಟ್ರಾಮಿನಾಗ ಕೇಳಿದೆ, "ಯಾಕ್ರೀ ನಿಮಗ ಇಲ್ಲದ ಉಸಾಬರಿ?"

ಎರಡು ಸ್ಟಾಪ್ ವಿಚಾರ ಮಾಡಿದ್ರು. "ಆಕಿ ಹೋದ್ರ ಬ್ಯಾರೆ ಯಾರರ ಬರ್ತಾರ. ಬಂದವರು ಮಾತಾಡಸ್ತಾರ" ಅಂದ್ರು.

ನಮ್ಮ ಮಗಳು ಪ್ರತೀಕ್ಷಾ ನಾ ಕನ್ನಡದಾಗ ಕೇಳಿದ್ದಕ್ಕೆಲ್ಲಾ ಇಂಗ್ಲಿಷಿನಾಗ ಉತ್ತರ ಕೊಡೋ ಪೈಕಿ. ಆಕೀನೇ ಇಂಟರ್‌ನೆಟ್ಟಿನಾಗ ಹುಡುಕಿ ಅಪ್ಪಗ ಒಂದು ಪಾಠ ತೆಗೆದು ಕೊಟ್ಟಳು. ಹೊಸದಾಗಿ ಲಾವೋ ಕಲಿಯೋರಿಗೆ, ಪ್ರಶ್ನೆ ಕೇಳೋದು ಹೆಂಗ ಅಂತ. ಒಟ್ಟು ಹನ್ನೆರಡು ಪ್ರಶ್ನಿ. ಒಬ್ಬ ಹೆಣ್ಣುಮಗಳು ನಗುನಗುತ್ತ ಒಂದೊಂದನ್ನೂ ಮೂರು ಸಲ ಹೇಳ್ತಾಳ. ಇವರು ಎರಡ್ನೂರು ಪಾನಿನ ನೋಟ್‌ಬುಕ್ ತಂದು, ಮಾರ್ಜಿನ್ ಹೊಡೆದು, ಕನ್ನಡ ಅಕ್ಷರದಾಗ ಬರ್ಕೊಂಡು, ದಿನಾ ಬೆಳಿಗ್ಗೆ ಚಾ ಕುಡಿಯೋ ಹೊತ್ತಿನಾಗ ಬಾಯಿಪಾಠಕ್ಕ ಕುಂತ್ರು.

"ಸಬಾಯ್ ದೀ ಬೋ?" ಅಂದ್ರ ಆರಾಮ ಅದೀರೇನು. "ಕಿನ್ ಖಾವ್ ಲೇವ್ ಬೋ?" ಅಂದ್ರ ಊಟ ಆತೇನು. "ನೀ ಮೇನ್ ಞಂಗ್?" ಅಂದ್ರ ಇದು ಏನು. ಅಕ್ಕಗ "ಉವಾಯ್" ಅಂತಾರ. ದೊಡ್ಡವರನ್ನ ಬರೇ ಹೆಸರಿನಿಂದ ಕರಿಯಂಗಿಲ್ಲ, ನಮ್ಮಂಗನ.

"ಇದರಾಗ ಹೊಸಾದೇನದರೀ?" ಅಂದೆ ನಾ. "ಬೈಲಹೊಂಗಲ ಬಸ್‌ಸ್ಟ್ಯಾಂಡಿನಾಗ ದಿನಾ ಇಷ್ಟೇ ಕೇಳ್ತಾರ."

"ಅಲ್ಲೆ ದನಿ ಏರಿಳಿತ ಇಲ್ಲ" ಅಂದ್ರು. ಲಾವೋದಾಗ ದನಿ ಏರಿಸಿದ್ರ ಒಂದರ್ಥ, ಇಳಿಸಿದ್ರ ಒಂದರ್ಥ ಅಂತ. ಇವರ ದನಿ ಹುಟ್ಟಿದಾಗಿಂದ ಒಂದೇ ಮಟ್ಟದಾಗ ಅದ. ಅದನ್ನ ಏರಿಸಾಕ ಹೋಗಿ ಕುತ್ತಿಗಿ ಎತ್ತೋರು, ಇಳಿಸಾಕ ಹೋಗಿ ಮೊಣಕಾಲು ಬಗ್ಗಿಸೋರು. ಕೆಳಗಿನ ಫ್ಲ್ಯಾಟಿನಾಕಿ ಒಂದಿನ ಮ್ಯಾಲ ಬಂದು, ನಿಮ್ಮವರಿಗೆ ಬೆನ್ನುನೋವು ಕಡಿಮಿ ಆತೇನು ಅಂತ ಕೇಳಿ ಹೋದ್ಳು.

ಒಂದು ಸಂಗತಿ ನಾ ಮುಚ್ಚಿಡಂಗಿಲ್ಲ. ಒಂದಿನ ನಾ ಸಾಲಿಯಿಂದ ಸುಸ್ತಾಗಿ ಬಂದು ಕುರ್ಚಿ ಮ್ಯಾಲ ಕುಂತಿದ್ದೆ. ಇವರು ನನ್ನ ಮುಂದ ನಿಂತು, ನನ್ನನ್ನೇ ನೋಡಿ, "ಕಿನ್ ಖಾವ್ ಲೇವ್ ಬೋ?" ಅಂದ್ರು. ಮದುವಿ ಆಗಿ ಮೂವತ್ನಾಕು ವರ್ಷ ಆತು, ಉಂಡಿಯೇನು ಅಂತ ಈ ಮನಶ್ಯಾ ನನಗ ಒಮ್ಮೆ ಕೇಳಿದ್ದಿಲ್ಲ. ನನ್ನ ಕಣ್ಣಾಗ ನೀರು ಬಂತು. "ಇಲ್ರೀ, ಇನ್ನೂ ಆಗಿಲ್ಲ" ಅಂದೆ. ಇವರು ನೋಟ್‌ಬುಕ್ಕಿನಾಗ ಒಂದು ರೈಟ್ ಮಾರ್ಕ್ ಹಾಕಿ ಮುಂದಿನ ಪ್ರಶ್ನಿಗೆ ಹೋದ್ರು. ಅವತ್ತು ಇವರಿಗೆ ಅನ್ನದ ಮ್ಯಾಲ ತುಪ್ಪ ಹಾಕಲಿಲ್ಲ ನಾ.

ಹನ್ನೆರಡರಾಗ ಒಂದನ್ನ ಮಾತ್ರ ಇವರು ಕಲೀಲಿಲ್ಲ. "ಪೈ ಸೈ?" ಅಂತ. ಎಲ್ಲಿಗೆ ಹೊಂಟೀರಿ ಅಂತ ಅದರರ್ಥ. ಪಾಠದಾಕಿ ಹೇಳಿದ್ಳು, ಲಾವೋಸಿನಾಗ ಮಂದಿ ದಾರ್ಯಾಗ ಕಂಡ್ರ ಎಲ್ಲಕ್ಕೂ ಮೊದಲು ಕೇಳೋದು ಇದನ್ನೇ, ಕೇಳಲಿಲ್ಲಂದ್ರ ಯಾಕೋ ಮುಖ ತಿರುವಿದ್ರು ಅಂತ ತಿಳ್ಕೋತಾರ. ಇವರು ಅದರ ಮ್ಯಾಲ ಸ್ಕೇಲ್ ಇಟ್ಟು ಗೆರಿ ಹೊಡೆದ್ರು.

ನಮ್ಮ ಕಡಿ ನಿಮಗೂ ಗೊತ್ತಲ್ಲ, ಹೊರಗ ಹೊಂಟವರಿಗೆ "ಎಲ್ಲಿಗೆ" ಅಂತ ಕೇಳಬಾರದು. ಕೇಳಿದ್ರ ಹೋದ ಕೆಲಸ ಕೆಡ್ತದ. ತೀರಾ ತಡಕೊಳ್ಳಾಕ ಆಗಲಿಲ್ಲಂದ್ರ "ದೂರ ಹೊಂಟ್ರೇನು?" ಅಂತ ಅನ್ನಬೇಕು. ಇವರು ಎಂಟು ವರ್ಷದವರಿದ್ದಾಗ, ಎತ್ತು ಕೊಳ್ಳಾಕ ಹೊಂಟ ಅಪ್ಪಗ ಬಾಗಿಲದಾಗ ಎಲ್ಲಿಗೆ ಅಂತ ಕೇಳಿಬಿಟ್ಟಿದ್ರಂತ. ನಮ್ಮತ್ತಿ ನಾಗವ್ವ ಗಂಡನ್ನ ಒಳಗ ಕರೆದು, ಮಣಿ ಮ್ಯಾಲ ಕುಂಡ್ರಿಸಿ, ನೀರು ಕುಡಿಸಿ, ಮತ್ತ ಕಳಿಸಿದ್ಳು. ಅಷ್ಟರಾಗ ಬಸ್ಸು ಹೋಗಿತ್ತು. ಎತ್ತು ಬ್ಯಾರೆಯವರು ಕೊಂಡ್ರು. ಅವತ್ತಿಂದ ಇವರು ಎಲ್ಲಿಗೆ ಅನ್ನೋದನ್ನಷ್ಟೇ ಅಲ್ಲ, ಪ್ರಶ್ನಿ ಅನ್ನೋದನ್ನೇ ಬಿಟ್ಟಂಗ ಕಾಣ್ತದ.

"ಅವರ ದೇಶದಾಗ ಅದು ನಮಸ್ಕಾರ ಇದ್ದಂಗರೀ" ಅಂದೆ.

"ಆಕಿ ಕೆಲಸ ಕೆಟ್ರ ಯಾರು ಹೊಣಿ?" ಅಂದ್ರು. ಸರಿ, ಬಿಟ್ಟೆ.

ಹನ್ನೊಂದು ಪ್ರಶ್ನಿ ಕಲ್ತು ಇವರು ಬೇಲಿ ಹತ್ತಿರ ಹೋದ್ರು. ನಾನೂ ಹೋಗಿದ್ದೆ, ಬಿಡ್ತೀನೇನು. "ಉವಾಯ್ ಬುವಾ, ಸಬಾಯ್ ದೀ ಬೋ?" ಅಂದ್ರು. ಆಕಿ ಕೈಯಾಗಿನ ನೀರಿನ ಕೊಡಾ ಕೆಳಗಿಟ್ಟಳು. ಬಾಯಿ ತೆರೆದು ಬಂಗಾರದ ಹಲ್ಲು ಪೂರಾ ಕಾಣೋಹಂಗ ನಕ್ಕಳು. ಆಮ್ಯಾಲ ಶುರು ಮಾಡಿದ್ಳು ನೋಡ್ರಿ, ಕಾಲು ತಾಸು. ಎರಡು ವರ್ಷದಿಂದ ಕೂಡಿಟ್ಟಿದ್ದೆಲ್ಲಾ ಹೇಳಿದ್ಳು ಅಂತ ಕಾಣ್ತದ. ಮೊಣಕಾಲು ತೋರಿಸಿದ್ಳು, ಮುಗಲು ತೋರಿಸಿದ್ಳು, ನನ್ನ ತೋರಿಸಿ ಏನೋ ಅಂದು ನಕ್ಕಳು. ಇವರು ಪರೀಕ್ಷಾಕ್ಕ ಕುಂತವರಂಗ ನೆಟ್ಟಗ ನಿಂತು ಕೇಳಿದ್ರು. ಮುಗಿದ ಮ್ಯಾಲ "ಕಿನ್ ಖಾವ್ ಲೇವ್ ಬೋ?" ಅಂದ್ರು. ಮತ್ತ ಕಾಲು ತಾಸು.

"ಏನಂದ್ಳು?" ಅಂತ ಕೇಳಿದೆ.

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಮತ್ತ ಏನು ಕಲ್ತೀರಿ ಮೂರು ವಾರ?"

"ನಾ ಕಲ್ತಿದ್ದು ಪ್ರಶ್ನಿ. ಉತ್ತರ ಎರಡನೇ ಭಾಗದಾಗ ಬರ್ತಾವ" ಅಂದ್ರು.

ಹಣಿ ಹಣಿ ಬಡ್ಕೊಂಡೆ. ಇವರಿಗೆ ಅದೇನೂ ಕೊರತಿ ಅನ್ನಿಸಿದ್ದಿಲ್ಲ. ದಿನಾ ಹೋಗೋರು, ಎರಡು ಪ್ರಶ್ನಿ ಕೇಳೋರು, ತಿಳೀದ ಉತ್ತರ ಪೂರಾ ಕೇಳಿಸ್ಕೊಂಡು, ಖುಷಿಯಿಂದ ಮನಿಗೆ ಬರೋರು. ಮುಖ್ಯವಾದ ಪ್ರಶ್ನಿ, ಪ್ಲಾಟ್ ಬೇಕೋ ಬ್ಯಾಡೋ ಅನ್ನೋದು, ಪಾಠದಾಗ ಇದ್ದಿಲ್ಲ. ಪ್ರತೀಕ್ಷಾ ಪಾಠದಾಕಿಗೇ ಬರೆದು ತರಿಸಿದ್ಳು: "ಉವಾಯ್ ಯಾಕ್ ದೈ ಸುವನ್ ನೀ ಬೋ?" ಅಕ್ಕಾ, ಈ ತ್ವಾಟ ನಿಮಗ ಬೇಕೇನು. ಕಮಿಟಿ ಮುಂದ ಹೇಳಿದ್ದೇ ಲೆಕ್ಕಕ್ಕಂತ ಆತ್ರೇಯ ಹೇಳಿದ್ನಲ್ಲ, ಅದಕ್ಕ ಇವರು ಆ ಪ್ರಶ್ನಿಯನ್ನ ಕೊನೀ ಐತವಾರಕ್ಕ ಅಂತ ಕಾಯ್ದಿಟ್ರು. ಆಕಿ ಹೆಂಗೂ ಐತವಾರ ತಪ್ಪಸಂಗಿಲ್ಲ.

ಇನ್ನ ಹನ್ನೊಂದು ದಿನ ಇದ್ದಾಗ ಒಂದು ಮುಂಜಾನೆ ಬುವಾ ಗಾಲಿ ಸೂಟ್‌ಕೇಸ್ ಎಳಕೊಂಡು ತ್ವಾಟಕ್ಕ ಬಂದ್ಳಂತ. ಟೊಪ್ಪಿಗಿ ಇಲ್ಲ, ಚಲೋ ಕೋಟು ಹಾಕ್ಕೊಂಡಿದ್ಳಂತ. ಗಿಡಕ್ಕ ನೀರು ಹಾಕಿ ಗೇಟಿನ ಹತ್ತಿರ ಹೋಗಿ, ತಿರುಗಿ ಇವರ ಕಡಿ ನೋಡ್ಕೊಂತ ನಿಂತಳಂತ. ಒಂದು ನಿಮಿಷ ನಿಂತಳಂತ. ಇವರು ಕೈ ಎತ್ತಿದ್ರಂತ. ಆಕಿ ಹೋದ್ಳು.

ಮರುದಿನ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ನಾಕನೇ ದಿನ ಆತ್ರೇಯ ಕೇಳಿದ, "ಅಂಕಲ್, ಅವರು ಎಲ್ಲಿಗೆ ಹೋದ್ರು? ನೀವು ಅವರ ಜೊತೆ ಮಾತಾಡ್ತೀರಲ್ಲ."

"ಕೇಳಲಿಲ್ಲ" ಅಂದ್ರು ಇವರು.

ನನಗ ಸಿಟ್ಟು ನೆತ್ತಿಗೇರ್ತು. "ಸೂಟ್‌ಕೇಸ್ ಹಿಡ್ಕೊಂಡು ನಿಮ್ಮನ್ನ ನೋಡ್ಕೊಂತ ನಿಂತಾಳ! ಆಕಿ ನಿಂತಿದ್ದೇ ನೀವು ಕೇಳ್ಲಿ ಅಂತ! ಹನ್ನೆರಡರಾಗ ಬೇಕಾದದ್ದು ಒಂದು ಇತ್ತು, ಅದರ ಮ್ಯಾಲ ಗೆರಿ ಹೊಡೆದು ಕುಂತೀರಿ!"

ಅವತ್ತು ರಾತ್ರಿ ಇವರು ಊಟಕ್ಕ ಒಂದೇ ರೊಟ್ಟಿ ತಿಂದ್ರು. ಕೈ ತೊಳಕೊಂಡು ಬಂದು, "ಆಕಿಗೆ ನಾ ಮುಖ ತಿರುವಿದೆ ಅಂತ ಅನ್ನಿಸಿರಬೇಕು" ಅಂದ್ರು. ನನಗ ಬಯ್ಯೋದು ಇನ್ನೂ ಇತ್ತು, ಬಯ್ಯಲಿಲ್ಲ.

ಮರುದಿನದಿಂದ ಇವರು ಸಲಿಕಿ ಹಿಡಿದು ಹದಿನಾಲ್ಕನೇ ಪ್ಲಾಟಿಗೆ ಇಳಿದ್ರು. ಕೆಳಗಿನ ಅರ್ಧ ಪೂರಾ ಅಗದ್ರು. ಕಸ ಕಿತ್ತು, ಬೇರು ಆರಿಸಿ, ಹೆಂಟಿ ಒಡೆದು, ಸಾಲು ಮಾಡಿದ್ರು. ಬೆಳಿಗ್ಗೆ ಎಂಟಕ್ಕ ಹೋದ್ರ ಸಂಜಿ ಐದಕ್ಕ ಬರೋರು. ಅಂಗೈಯಾಗ ಬೊಕ್ಕಿ ಎದ್ದುವು. "ನೀವು ಅಗದ್ರ ಏನು ಬಂತು, ಬೇಕು ಅಂತ ಹೇಳಾಕ ಆಕಿ ಬೇಕಲ್ಲ" ಅಂದೆ. "ಬರ್ತಾಳ" ಅಂದ್ರು. ಯಾವ ಭರೋಸಾದ ಮ್ಯಾಲ ಅಂದ್ರೋ ಶಿವನೇ ಬಲ್ಲ.

ಕೊನೀ ಐತವಾರ ಬಂತು. ಹತ್ತು ಗಂಟೆಗೆ ಆತ್ರೇಯ ಬಂದ, ಅವನ ಜೋಡಿ ಕಮಿಟಿಯ ಇನ್ನೊಬ್ಬಾಕಿ ಇಂಗ್ಲಿಷ್ ಹೆಣ್ಣುಮಗಳು, ಕೈಯಾಗ ಹಲಗಿ, ಹಲಗಿಗೆ ಫಾರ್ಮು. ಹತ್ತೂವರಿ ಆತು. ಹನ್ನೊಂದಾತು. "ಅಂಕಲ್, ಸಾರಿ" ಅಂತ ಆತ್ರೇಯ ಪೆನ್ನು ತೆಗೆದ. ಗೇಟು ಕಿರ್ರಂತು. ಬುವಾ ಬಂದ್ಳು. ಅದೇ ಕೋಟು, ಅದೇ ಸೂಟ್‌ಕೇಸು. ಬಸ್ಸಿನಿಂದ ಸೀದಾ ಬಂದಂಗಿತ್ತು, ಕೂದಲೆಲ್ಲಾ ಕೆದರಿತ್ತು.

ಆಕಿ ತನ್ನ ಪ್ಲಾಟ್ ನೋಡಿ ನಿಂತುಬಿಟ್ಟಳು. ಅಗದ ನೆಲಾ ನೋಡಿದ್ಳು, ಇವರ ಕೈ ನೋಡಿದ್ಳು.

ಇವರು ಟೊಪ್ಪಿಗಿ ತೆಗೆದು, ಗಂಟಲು ಸರಿ ಮಾಡ್ಕೊಂಡು, ಏರಿಸೋದು ಏರಿಸಿ ಇಳಿಸೋದು ಇಳಿಸಿ ಕೇಳಿದ್ರು, "ಉವಾಯ್ ಯಾಕ್ ದೈ ಸುವನ್ ನೀ ಬೋ?"

ಆಕಿ ಮಾತಾಡಿದ್ಳು. ಬಾಳ ಹೊತ್ತು ಮಾತಾಡಿದ್ಳು. ಈ ಸಲ ನಗಲಿಲ್ಲ. ಸೂಟ್‌ಕೇಸ್ ತೋರಿಸಿದ್ಳು, ನೆಲಾ ತೋರಿಸಿದ್ಳು, ಕಡೀಕೆ ಇವರ ಕಡಿ ಬೊಟ್ಟು ಮಾಡಿ, ಕಮಿಟಿಯವರನ್ನ ನೋಡಿ ಏನೋ ಅಂದು, ಕೋಟಿನ ತೋಳಿನಿಂದ ಕಣ್ಣು ಒರಸ್ಕೊಂಡು ಸುಮ್ನಾದ್ಳು.

"ಏನಂದ್ರು ಅಂಕಲ್?" ಅಂದ ಆತ್ರೇಯ.

ನನಗ ಗೊತ್ತಿತ್ತು, ಇವರಿಗೆ ಒಂದಕ್ಷರ ತಿಳಿದಿಲ್ಲಂತ. ಇವರು ಸುಳ್ಳು ಹೇಳಿದ್ದನ್ನ ನಾ ಕಂಡಿಲ್ಲ. ಸುಳ್ಳು ಹೇಳಾಕೂ ಮಾತು ಬೇಕಲ್ಲ. ಇವರು ಒಮ್ಮೆ ನೆಲಾ ನೋಡಿದ್ರು.

"ಬೇಕಂತ" ಅಂದ್ರು. ಆಮ್ಯಾಲ ಹಲಗಿಯಾಕಿಗೆ ಇಂಗ್ಲಿಷಿನಾಗೂ ಹೇಳಿದ್ರು, "ಶಿ ಸೇಸ್ ಯೆಸ್."

ಆತ್ರೇಯ ಫಾರ್ಮು ಮುಂದಿಟ್ಟ. ಬುವಾ ಇವರ ಮುಖಾ ನೋಡಿದ್ಳು, ಫಾರ್ಮು ನೋಡಿದ್ಳು, ಸಹಿ ಮಾಡಿದ್ಳು. ಹಳದಿ ಕಾಗದ ಕಿತ್ತುಹೋತು. ಮನಿಗೆ ಬಂದು ಇವರು ಮೂರು ರೊಟ್ಟಿ ತಿಂದ್ರು, ಮ್ಯಾಲ ಅನ್ನ. ನಾ ತುಪ್ಪಾನೂ ಹಾಕಿದೆ, ಬಾಯಿನೂ ಮುಚ್ಕೊಂಡೆ.

ಮುಂದಿನ ಶನಿವಾರ ತ್ವಾಟಕ್ಕ ಒಬ್ಬ ಹುಡುಗಿ ಬಂದ್ಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಹೆಸರು ಮಾಲಿ. ಬುವಾನ ಮೊಮ್ಮಗಳು, ಇಲ್ಲೇ ಹುಟ್ಟಿ ಬೆಳೆದಾಕಿ, ಲೀಡ್ಸಿನಾಗ ಓದ್ತಾಳ, ಅವತ್ತೇ ಅಲ್ಲಿಂದ ಬಂದಿದ್ಳು. ನಮ್ಮ ಬೇಲಿ ಹತ್ತಿರ ನಿಂತು ಇಂಗ್ಲಿಷಿನಾಗ ಕೇಳಿದ್ಳು, "ನಮ್ಮಜ್ಜಿಗೆ ತ್ವಾಟ ಬೇಕಂತ ಹೇಳಿದವರು ಯಾರು?" ದನಿ ಬಿರುಸಾಗಿತ್ತು.

ಇವರು ಕೈ ಎತ್ತಿದ್ರು.

ಮಾಲಿ ಹೇಳಿದ್ದು ಇಷ್ಟು. ಬುವಾನ ತಂಗಿ ಪ್ಯಾರಿಸ್ಸಿನಾಗ ಇದ್ದಾಳ. ಇಬ್ಬರಿಗೂ ಗಂಡಂದಿರಿಲ್ಲ, ಇಬ್ಬರಿಗೂ ಮೊಣಕಾಲಿಲ್ಲ. ಇದ್ದಷ್ಟು ದಿನ ಅಕ್ಕ ತಂಗಿ ಕೂಡಿ ಇರೋಣಂತ ನಿಶ್ಚಯ ಮಾಡಾಕ ಆಕಿ ಅವತ್ತು ಸೂಟ್‌ಕೇಸ್ ತೊಗೊಂಡು ಹೋಗಿದ್ದು. ನಿಶ್ಚಯ ಆಗಿತ್ತು. ಆತ್ರೇಯ ಫೋನಿನಾಗ ಕೇಳಿಸಿದ್ದು ಆಕಿಗೆ ತಿಳಿದಿತ್ತು, ಪ್ಲಾಟ್ ಬಿಡ್ತೀನಿ ಅಂತ ಹೇಳಾಕಂತನೇ ಐತವಾರ ಸೀದಾ ತ್ವಾಟಕ್ಕ ಬಂದಿದ್ಳು. ಬಂದು ನೋಡಿದ್ರ ನೆಲಾ ಪೂರಾ ಅಗದಿಟ್ಟದ.

"ಅಜ್ಜಿ ಅವತ್ತು ಏನಂದ್ಳು ಗೊತ್ತೇನು? ನಾ ಬಿಡಾಕ ಬಂದೀನಿ, ಆದ್ರ ಈ ಮನುಷ್ಯಾ ನನ್ನ ಸಲುವಾಗಿ ಇಷ್ಟು ಅಗದಾನ, ಇವನ ಮುಂದ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು, ಇವ ಏನಂತಾನೋ ಅದನ್ನೇ ಬರಕೊಳ್ರಿ ಅಂದ್ಳಂತ. ನೀವು ಬೇಕು ಅಂದ್ರಿ. ಈಗ ಪ್ಯಾರಿಸ್ಸಿಗೆ ಬರಂಗಿಲ್ಲ ಅಂತ ತಂಗಿಗೆ ಫೋನ್ ಮಾಡಿ ಹೇಳ್ಯಾಳ. ಅಲ್ಲಿ ಆಕಿ ಅಳ್ತಾಳ, ಇಲ್ಲಿ ಈಕಿ ಅಳ್ತಾಳ."

ಇವರು ಬಕೆಟ್ ಬೋರಲು ಹಾಕಿ ಅದರ ಮ್ಯಾಲ ಕುಂತ್ರು. ನನಗ ಅಂದ್ರು, "ಪ್ಯಾರಿಸ್ ಅಂದಿದ್ರ ನನಗೂ ತಿಳೀತಿತ್ತು, ನೀಲಾ."

ಹೌದಲ್ರೀ. ಆಕಿ ಕೊಡಬಹುದಾಗಿದ್ದ ಅಷ್ಟೂ ಉತ್ತರದಾಗ ಇವರಿಗೆ ತಿಳಿಯೋ ಉತ್ತರ ಅಂದ್ರ ಅದೊಂದೇ ಇತ್ತು, ಅದರ ಪ್ರಶ್ನಿಯನ್ನೇ ಇವರು ಕೇಳಲಿಲ್ಲ.

ಮನ್ಯಾಗ ನಾ ಬುದ್ಧಿ ಹೇಳಿದೆ. ನನ್ನ ಬುದ್ಧಿ ಎಂಥಾದ್ದು ಅಂತ ನೀವೇ ನೋಡ್ರಿ. "ಸುಮ್ನಿದ್ದು ಬಿಡ್ರಿ. ತಾನೇ ಸಹಿ ಮಾಡ್ಯಾಳ. ಇನ್ನೊಂದು ವರ್ಷ ಇರ್ತಾಳ, ನಿಮಗೂ ಹಿತ. ಯಾರೂ ನಿಮ್ಮನ್ನ ಕೇಳಂಗಿಲ್ಲ" ಅಂದೆ. ಇವರು ಈ ಮೂವತ್ನಾಕು ವರ್ಷದಾಗ ನನ್ನ ಮಾತಿಗೆ ಎದುರು ಹೇಳಿದ್ದು ಕಡಿಮಿ. "ಮತ್ತೊಮ್ಮೆ ಕೇಳ್ತೀನಿ. ಈ ಸಲ ಉತ್ತರ ಕೇಳ್ತೀನಿ" ಅಂದ್ರು.

ಮರುದಿನ ಐತವಾರ. ಇವರೇ ಆತ್ರೇಯಗ ಫೋನ್ ಮಾಡಿ ಬಾ ಅಂದಿದ್ರು. ಜನ್ಮದಾಗ ಇವರು ಯಾರಿಗೂ ತಾವಾಗಿ ಫೋನ್ ಮಾಡಿದವರಲ್ಲ, ಅವ ಗಾಬರ್ಯಾಗಿ ಓಡಿ ಬಂದ. ಬುವಾ ಹುಲ್ಲಿನ ಟೊಪ್ಪಿಗಿ ಹಾಕ್ಕೊಂಡು, ಅಗದ ಸಾಲಿನಾಗ ಕುಂತು ಸಸಿ ಹಚ್ಚಾಕತ್ತಿದ್ಳು. ಎದ್ದು ನಿಲ್ಲಾಕ ಮೊಮ್ಮಗಳು ರಟ್ಟಿ ಹಿಡಿಬೇಕಾತು.

ಇವರು ಅದೇ ಪ್ರಶ್ನಿ ಕೇಳಿದ್ರು. ದನಿ ಏರಲಿಲ್ಲ, ಇಳೀಲಿಲ್ಲ, ತಮ್ಮ ಮೊದಲಿನ ದನಿಯೊಳಗೇ ಕೇಳಿದ್ರು. ಆಕಿಗೆ ತಿಳೀತು. ಮಾಲಿ ಹೇಳಾಕ ಬಾಯಿ ತೆರೆದ್ಳು, ಇವರು ಕೈ ಮಾಡಿ ಬ್ಯಾಡ ಅಂದ್ರು. ಬುವಾ ಇವರನ್ನ ನೋಡಿದ್ಳು, ಈ ಸಲ ಒಂದೂ ಮಾತಾಡಲಿಲ್ಲ. ಮಣ್ಣು ಹತ್ತಿದ ಕೈ ಎರಡೂ ಜೋಡಿಸಿ, ತಲಿ ಅಲ್ಲಾಡಿಸಿದ್ಳು. ಬ್ಯಾಡ ಅಂತ.

ಇವರೂ ಕೈ ಜೋಡಿಸಿದ್ರು. ಆತ್ರೇಯನ ಕಡಿ ತಿರುಗಿ, "ಬಿಡ್ತಾಳಂತ. ಬರಕೊಳಪ" ಅಂದ್ರು.

ಅವನಿಗೆ ತಲಿ ಕೆಟ್ಟಿತ್ತು. "ಅಂಕಲ್, ಹೋದ ವಾರ ಬೇಕು ಅಂದ್ರಲ್ಲ ಅವರು? ಫಾರ್ಮ್ ಎಲ್ಲ ಕಳಿಸಿಬಿಟ್ಟಿದೀನಿ. ಏನಂತ ಬರೀಲಿ ನಾನೀಗ?"

"ಆಕಿ ಅಂದಿದ್ದಿಲ್ಲ" ಅಂದ್ರು ಇವರು. "ಬೇಕಾಗಿದ್ದು ನನಗ."

ಎಲ್ಲಾರ ಮುಂದ ಅಂದ್ರು. ಆತ್ರೇಯ ಕಾಗದ ನೋಡ್ಕೊಂತ ನಿಂತ. ಇವರ ಕಣ್ಣಾಗ ನೀರಿತ್ತು, ಒರಸ್ಕೊಳ್ಳಾಕ ಇವರಿಗೆ ಹೊಳೀಲಿಲ್ಲ. ಮೂವತ್ನಾಕು ವರ್ಷದಾಗ ಈ ಮನಶ್ಯಾ ತನಗ ಏನರ ಬೇಕು ಅಂದಿದ್ದನ್ನ ನಾ ಅವತ್ತೇ ಮೊದಲ ಸಲ ಕೇಳಿದ್ದು, ಅದೂ ಕೈಬಿಟ್ಟು ಹೋದ ಮ್ಯಾಲ. ನಾ ಹೋಗಿ ಇವರ ಮಗ್ಗಲ ನಿಂತೆ.